ಹೊಗೆಯ ಕಂಪೂ ತೊಗಲಿನ ಕಂಪೂ ಉಳ್ಳ ಬೇರುಗಳು: ಉಜ್ಜಿನಿ ಸೀಮೆಯ ಜೇಕು ಮತ್ತು ಲಾವಂಚ

ಉಜ್ಜಿನಿಯ ಸುತ್ತಲೂ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರೆಗೆ ಹರಡಿರುವ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲು ಭೂಮಿಯಾಗಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆಯು ೬೦೦ ಮಿಲಿಮೀಟರಿಗೆ ಹೆಚ್ಚುಕಡಿಮೆ ಇರುವುದು. ಅದೂ ಕೆಲವೇ ದಿವಸಗಳಲ್ಲಿ ರಭಸದಿಂದ ಸುರಿದು, ಹೊಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳಗಳ ಪಾಲಾಗುವುದುಂಟು. ಜೋಳ, ಮೆಕ್ಕೆಜೋಳ, ಸಜ್ಜೆ, ಶೇಂಗಾ, ಹತ್ತಿ, ಈರುಳ್ಳಿ ಮೊದಲಾದುವು ಇಲ್ಲಿಯ ಬೆಳೆಗಳು. ಪರಿಮಳದ ಬೆಳೆಯೆಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಹಡಗಲಿಯ ಮಲ್ಲಿಗೆ. ಅದು ತನ್ನ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿ ಭೌಗೋಳಿಕ ಗುರುತನ್ನೂ ಪಡೆದಿದೆ.

ಆದರೆ ಪರಿಮಳದ ವ್ಯಾಪಾರಕ್ಕೆ ಬೇಕಾಗುವುದು ಹೂವಿನ ಕಂಪೊಂದೇ ಅಲ್ಲ. ಹೊಗೆಯನ್ನು ಹೋಲುವ, ಹದಮಾಡಿದ ತೊಗಲನ್ನು ಹೋಲುವ, ಮೊದಲ ಮಳೆಗೆ ನೆನೆದ ಮಣ್ಣನ್ನು ನೆನಪಿಗೆ ತರುವ ಗಾಢವಾದ ವಾಸನೆಗಳಿಗೂ ಅಲ್ಲಿ ಬೆಲೆಯುಂಟು. ಅಂಥ ವಾಸನೆಯುಳ್ಳ ಎರಡು ಬೇರುಗಳು ಈ ಸೀಮೆಯ ರೈತರಿಗೆ ಅಪರಿಚಿತವಲ್ಲ. ಒಂದು, ಹೊಲದ ಕಳೆಯಾದ ಜೇಕಿನ ಗಡ್ಡೆ; ಮತ್ತೊಂದು, ಹಳ್ಳದ ದಂಡೆಯಲ್ಲಿಯೂ ಬದುಗಳಲ್ಲಿಯೂ ಬೆಳೆಯುವ ಲಾವಂಚ. ಇವುಗಳಿಂದ ಭೂಮಾಲೀಕರು ಪಡೆಯಬಹುದಾದ ಲಾಭವಾವುದು, ಆ ಲಾಭದ ಆಸೆಯಿಂದ ಕಳೆದುಕೊಳ್ಳಬಾರದ ಸೊತ್ತಾವುದು ಎಂಬೆರಡನ್ನೂ ತಿಳಿದು ನಡೆಯುವುದು ಅವಶ್ಯವಾಗಿದೆ.

ಹೊಗೆ ಮತ್ತು ತೊಗಲಿನ ವಾಸನೆಯ ಮೂಲ

ಕಟ್ಟಿಗೆಯು ಉರಿಯುವಾಗ ಅದರ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಎಂಬ ಪದಾರ್ಥವು ಒಡೆದು, ಗ್ವಾಯಕಾಲ್ ಮುಂತಾದ ಫೀನಾಲುಗಳು ಹುಟ್ಟುತ್ತವೆ. ಹೊಗೆಯ ವಾಸನೆಗೆ ಮುಖ್ಯ ಕಾರಣ ಇವೇ. ತೊಗಲಿನ ವಾಸನೆಯ ವಿಷಯವು ಸ್ವಲ್ಪ ಬೇರೆ. ಹಸಿದೊಗಲಿಗೆ ಇರುವುದು ದುರ್ಗಂಧವೇ ಹೊರತು ಸುಗಂಧವಲ್ಲ. ಹೊಸ ಮೆಟ್ಟಿನಲ್ಲಿ, ಹಿಂದಿನ ಕಾಲದ ಕಪಿಲೆಯ ತೊಗಲಿನ ಚೀಲದಲ್ಲಿ ಜನರು ಗುರುತಿಸುತ್ತಿದ್ದ ವಾಸನೆಯು ಬಹುಪಾಲು ಹದಮಾಡುವ ತೊಗಟೆಯಿಂದಲೂ ಎಣ್ಣೆಯಿಂದಲೂ ಬಂದದ್ದು. ಈ ಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ಗಿಡವನ್ನು ಎಲ್ಲರೂ ಬಲ್ಲರು. ಬಳ್ಳಾರಿ ಪ್ರಾಂತವು ೧೯೫೩ರವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತು. ಆ ಕಾಲದಲ್ಲಿ ದಕ್ಷಿಣ ಹಿಂದೂಸ್ಥಾನದ ಚರ್ಮದ ಕಾರ್ಖಾನೆಗಳು ಹದಮಾಡುವುದಕ್ಕೆ ಬಹಳವಾಗಿ ನೆಚ್ಚಿಕೊಂಡಿದ್ದುದು ಈ ತಂಗಡಿಯ ತೊಗಟೆಯನ್ನೇ.

ರಷ್ಯಾ ದೇಶದಲ್ಲಿ ತೊಗಲಿಗೆ ಭೂರ್ಜ ಜಾತಿಯ ಮರದ ತೊಗಟೆಯಿಂದ ಇಳಿಸಿದ ಕೀಲೆಣ್ಣೆಯನ್ನು ಹಚ್ಚುವ ಪದ್ಧತಿಯಿತ್ತು. ಹೊಗೆಯೂ ತೊಗಲೂ ಬೆರೆತ ಆ ವಾಸನೆಯು ಯೂರೋಪಿನಲ್ಲಿ ಬಹು ಹೆಸರಾಯಿತು. ಫ್ರಾನ್ಸ್ ದೇಶದ ಗ್ರಾಸ್ ಎಂಬ ಪಟ್ಟಣವು ಮೊದಲು ಚರ್ಮ ಹದಮಾಡುವವರ ಊರು. ತೊಗಲಿನ ಕೈಗವಸುಗಳ ದುರ್ವಾಸನೆಯನ್ನು ಮರೆಸಲು ಅಲ್ಲಿಯವರು ಪರಿಮಳವನ್ನು ಹಚ್ಚತೊಡಗಿ, ಕ್ರಮೇಣ ಚರ್ಮದ ಕಸುಬು ಹಿಂದೆ ಬಿದ್ದು ಪರಿಮಳದ ಕಸುಬೇ ಮುಖ್ಯವಾಯಿತು. ಹೀಗೆ ಅತ್ತರು ಮಾಡುವವರು ಇಂದು ತೊಗಲಿನ ಕಂಪು ಎಂದು ಕರೆಯುವುದು ನಿಜವಾದ ತೊಗಲಿನದಲ್ಲ. ಕೀಲು, ರಾಳ, ಬೇರು ಮೊದಲಾದ ಸಸ್ಯವಸ್ತುಗಳಿಂದಲೂ ರಾಸಾಯನಿಕಗಳಿಂದಲೂ ಕಟ್ಟಿದ ವಾಸನೆ.

ಇಂಥ ಗಾಢವಾದ ತೈಲಗಳಿಂದ ಆಗುವ ಉಪಯೋಗ ಎರಡು ವಿಧ. ಮೊದಲನೆಯದು, ಅವುಗಳ ಸ್ವಂತ ವಾಸನೆ. ಎರಡನೆಯದು, ಹಗುರವಾದ ವಾಸನೆಗಳನ್ನು ಹಿಡಿದು ನಿಲ್ಲಿಸುವ ಶಕ್ತಿ. ಬೆಳಿಗ್ಗೆ ಮುಡಿದ ಮಲ್ಲಿಗೆಯ ಕಂಪು ಸಂಜೆಗೆ ಕುಂದುವುದನ್ನು ಎಲ್ಲರೂ ಕಂಡಿರುವರಷ್ಟೆ. ಹೂವಿನ ಪರಿಮಳದ ಅಂಶಗಳು ಬೇಗನೆ ಆವಿಯಾಗಿ ಹಾರುವಂಥವು. ಲಾವಂಚ, ಜೇಕುಗಳ ತೈಲಗಳಾದರೋ ನಿಧಾನವಾಗಿ ಆರುವಂಥವು. ಒಂದು ಹನಿಯನ್ನು ಕಾಗದಕ್ಕೆ ಸೋಕಿಸಿದರೆ ಅದರ ವಾಸನೆಯು ದಿನಗಟ್ಟಲೆ ನಿಲ್ಲುತ್ತದೆ. ಆದಕಾರಣ ಅತ್ತರಿನ ತಳಹದಿಗೆ ಇವುಗಳನ್ನು ಸೇರಿಸುವುದು ವಾಡಿಕೆ.

ಜೇಕಿನ ಗಡ್ಡೆ

ಜೇಕು, ತುಂಗೆ, ಕೊನ್ನಾರಿ ಎಂದು ಬೇರೆ ಬೇರೆ ಕಡೆಗಳಲ್ಲಿ ಕರೆಯುವ ಈ ಹುಲ್ಲನ್ನು ರೈತರಿಗೆ ಪರಿಚಯಿಸಬೇಕಾಗಿಲ್ಲ. ಕುಂಟೆ ಹೊಡೆದ ಎಂಟು ದಿನಕ್ಕೆ ಮತ್ತೆ ತಲೆಯೆತ್ತುವ ಕಳೆಯಿದು. ಲೋಕದ ಕೆಟ್ಟ ಕಳೆಗಳನ್ನು ಕುರಿತು ೧೯೭೭ರಲ್ಲಿ ಪ್ರಕಟವಾದ ಪ್ರಸಿದ್ಧ ಗ್ರಂಥವೊಂದರಲ್ಲಿ ಇದಕ್ಕೆ ಮೊದಲನೆಯ ಸ್ಥಾನವನ್ನೇ ಕೊಟ್ಟಿದ್ದಾರೆ. ಇದರ ಗಡ್ಡೆಗಳು ಭೂಮಿಯೊಳಗೆ ಸರದ ಮಣಿಗಳಂತೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಸರವು ಅಖಂಡವಾಗಿರುವಾಗ ತುದಿಯ ಗಡ್ಡೆಯೇ ಹೆಚ್ಚಾಗಿ ಚಿಗುರಿ, ಉಳಿದುವು ನಿದ್ರಿಸುತ್ತಿರುತ್ತವೆ. ಮೇಲೆ ಮೇಲೆ ಉತ್ತು ಸರವನ್ನು ತುಂಡರಿಸಿದರೆ ಮಲಗಿದ್ದ ಗಡ್ಡೆಗಳೂ ಎಚ್ಚೆತ್ತು, ಒಂದು ಗಿಡವಿದ್ದ ಕಡೆ ಹಲವು ಗಿಡಗಳಾಗುತ್ತವೆ. ಹಸಿ ಭೂಮಿಯಲ್ಲಿ ಮೇಲುಮೇಲಾಗಿ ಕುಂಟೆ ಹೊಡೆದವನ ಹೊಲದಲ್ಲಿ ಜೇಕು ಹೆಚ್ಚುವುದಕ್ಕೆ ಇದೇ ಕಾರಣ.

ಇದೇ ಗಡ್ಡೆಯು ಗ್ರಂಧಿಗೆ ಅಂಗಡಿಗಳಲ್ಲಿ ಭದ್ರಮುಷ್ಟಿಯೆಂಬ ಹೆಸರಿನಿಂದ ಮಾರಾಟವಾಗುತ್ತದೆ. ಒಣಗಿದ ಗಡ್ಡೆಯನ್ನು ಮುರಿದು ಮೂಸಿದರೆ ಮರ, ಮಣ್ಣು, ಮೆಣಸು, ಹೊಗೆ ಎಲ್ಲವೂ ಬೆರೆತಂಥ ವಾಸನೆ ಬರುವುದು. ಮೆಣಸಿನ ಮಾತು ಬರಿಯ ಹೋಲಿಕೆಯಲ್ಲ. ಈ ಗಡ್ಡೆಯಿಂದ ಭಾರತೀಯ ರಸಾಯನಶಾಸ್ತ್ರಜ್ಞರು ೧೯೬೭ರಲ್ಲಿ ರೋಟಂಡೋನ್ ಎಂಬ ಅಂಶವನ್ನು ಬೇರ್ಪಡಿಸಿದರು. ಕರಿಮೆಣಸಿನ ವಿಶಿಷ್ಟ ಪರಿಮಳಕ್ಕೂ ಅದೇ ಅಂಶವು ಕಾರಣವೆಂದು ೨೦೦೮ರಲ್ಲಿ ಆಸ್ಟ್ರೇಲಿಯಾ ದೇಶದ ಪಂಡಿತರು ಕಂಡುಕೊಂಡರು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ತಿಳಿಯತಕ್ಕದ್ದು. ಪರಿಮಳದ ಪೇಟೆಯಲ್ಲಿ ನಾಗರಮೋಥಾ ಎಂದೂ ಸಿಪ್ರಿಯಾಲ್ ಎಂದೂ ಕರೆಯುವ ತೈಲವು ಮುಖ್ಯವಾಗಿ ಜೇಕಿನ ಸೋದರ ಜಾತಿಯೊಂದರಿಂದ ಬರುವುದು. ಅದು ತೇವವಾದ ಸ್ಥಳಗಳಲ್ಲಿ, ಕೆರೆ ಹೊಳೆಗಳ ಅಂಚಿನಲ್ಲಿ ಬೆಳೆಯುವಂಥದು; ಮಧ್ಯಪ್ರದೇಶ, ಛತ್ತೀಸಗಡಗಳ ಕಾಡುಸೀಮೆಯಿಂದ ಅದರ ಗಡ್ಡೆಗಳನ್ನು ಸಂಗ್ರಹಿಸುತ್ತಾರೆ. ಆ ತೈಲವು ಮಂದವಾಗಿ, ಕಂದುಬಣ್ಣವುಳ್ಳದ್ದಾಗಿ, ಹೊಗೆ ತೊಗಲುಗಳ ಗಾಢವಾದ ವಾಸನೆಯನ್ನು ಹೊಂದಿರುತ್ತದೆ. ಬಹು ಬೆಲೆಯುಳ್ಳ ಆಗರು ಎಣ್ಣೆಯ ಕಂಪನ್ನು ಕಡಮೆ ವೆಚ್ಚದಲ್ಲಿ ಕಟ್ಟಬೇಕಾದಾಗ ಅತ್ತರಿನವರು ಇದನ್ನೇ ನೆಚ್ಚುತ್ತಾರೆ. ಹೊಲದ ಜೇಕಿನ ತೈಲವು ಇದನ್ನು ಹೋಲುವುದಾದರೂ ಎರಡೂ ಒಂದೇ ಅಲ್ಲ. ಆದಕಾರಣ ಕೊಳ್ಳುವವನಿಗೆ ಒಂದೆರಡು ಕಿಲೋ ಗಡ್ಡೆಯನ್ನು ಮಾದರಿಯಾಗಿ ಕಳುಹಿಸಿ, ಇಂಥ ಗಡ್ಡೆಯೇ ತನಗೆ ಬೇಕೆಂದು ಅವನಿಂದ ಬರೆಯಿಸಿಕೊಳ್ಳುವ ಮೊದಲು ಕೂಲಿ ಹಚ್ಚಿ ಅಗೆಯಿಸುವುದು ವಿವೇಕವಲ್ಲ.

ಲಾಭಕ್ಕಾಗಿ ಜೇಕನ್ನು ಹೊಸದಾಗಿ ನೆಡುವ ಯೋಚನೆಯನ್ನು ಯಾರೂ ಮಾಡತಕ್ಕದ್ದಲ್ಲ. ಒಮ್ಮೆ ಹೊಲಕ್ಕೆ ಹೊಕ್ಕ ಜೇಕು ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಈಗಾಗಲೇ ಜೇಕು ಹೊಕ್ಕಿರುವ ಹೊಲಗಳಲ್ಲಿ ಅದನ್ನು ತೆಗೆಯುವ ಖರ್ಚಿನ ಒಂದು ಭಾಗವು ಗಡ್ಡೆಯ ಮಾರಾಟದಿಂದ ಹಿಂದಿರುಗುವಂತೆ ಮಾಡುವುದೇ ಸರಿಯಾದ ಮಾರ್ಗ. ಅದಕ್ಕೆ ಕ್ರಮವು ಹೀಗೆ:

ಬೆಳೆಯನ್ನು ಕೊಯ್ದ ತರುವಾಯ, ಬೇಸಿಗೆಯಲ್ಲಿ ನೆಲವು ಒಣಗಿರುವಾಗ ಆಳವಾಗಿ ಉಳಬೇಕು. ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುವುದರಿಂದ ಹೆಂಟೆಗಳೊಡನೆ ಮೇಲಕ್ಕೆ ಬರುತ್ತವೆ. ಹೆಂಟೆ ಒಡೆದು ಗಡ್ಡೆಗಳನ್ನು ಆರಿಸಿ ರಾಶಿ ಹಾಕಬೇಕು. ಆರಿಸದೆ ಉಳಿದುವು ಉರಿಬಿಸಿಲಿಗೆ ಬಿದ್ದು ಒಣಗಿ ಬಹುಮಟ್ಟಿಗೆ ಸಾಯುತ್ತವೆ. ಜೇಕಿನ ಗಡ್ಡೆಗೆ ಒಣಗುವಿಕೆಯೇ ದೊಡ್ಡ ಶತ್ರು. ಆರಿಸಿದ ಗಡ್ಡೆಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಗೋಣಿತಟ್ಟಿನ ಮೇಲೆ ಉಜ್ಜಿ ನಾರುಬೇರುಗಳನ್ನು ತೆಗೆಯಬೇಕು. ಕೆಲವರು ನಾರನ್ನು ಬೆಂಕಿಯಿಂದ ಹೊತ್ತಿಸಿ ತೆಗೆಯುವುದುಂಟು. ತೈಲಕ್ಕಾಗಿ ಮಾರುವ ಮಾಲಿಗೆ ಇದು ಸಲ್ಲದು, ಏಕೆಂದರೆ ಸುಟ್ಟ ವಾಸನೆಯು ತೈಲಕ್ಕೆ ಇಳಿಯುತ್ತದೆ. ತೊಳೆದ ನೀರಿನೊಡನೆ ಹೋಗುವ ಸಣ್ಣ ಗಡ್ಡೆಗಳನ್ನೂ ಕಸವನ್ನೂ ತಿಪ್ಪೆಗೆ ಹಾಕಕೂಡದು. ಅವು ಗೊಬ್ಬರದೊಡನೆ ಮತ್ತೆ ಹೊಲಕ್ಕೇ ಹೋಗಿ ಮೊಳೆಯುವುವು. ಚೆನ್ನಾಗಿ ಒಣಗಿಸಿ ಸುಟ್ಟುಬಿಡುವುದೇ ಲೇಸು. ಮುಂದಿನ ಮುಂಗಾರಿನಲ್ಲಿ ನೆಲವನ್ನು ಬೇಗನೆ ಮುಚ್ಚುವ ಬೆಳೆಯನ್ನು ಹಾಕಿದರೆ ಉಳಿದ ಜೇಕು ನೆರಳಿಗೆ ಕುಗ್ಗುತ್ತದೆ.

ಲಾವಂಚ

ಲಾವಂಚವನ್ನು ಮುಡಿವಾಳವೆಂದೂ ಕರೆಯುವರು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಇದರ ಬೇರನ್ನು ಹಾಕುವುದು, ಬೀಸಣಿಗೆ ಹೆಣೆಯುವುದು, ಬಾಗಿಲಿಗೆ ತಡಿಕೆ ಕಟ್ಟಿ ನೀರು ಚಿಮುಕಿಸುವುದು ಇವೆಲ್ಲ ಹಳೆಯ ವಾಡಿಕೆಗಳು. ಬೇರಿನ ತೈಲವು ಮಂದವಾದದ್ದು. ಅದರಲ್ಲಿ ಮಣ್ಣು, ಮರ, ಹೊಗೆಗಳ ಕಂಪು ಬೆರೆತಿರುತ್ತದೆ. ಹೈತಿ ದೇಶ ಮತ್ತು ಜಾವಾ ದ್ವೀಪ ಇವೆರಡು ಇದರ ಪ್ರಸಿದ್ಧ ಮೂಲಗಳು. ಹೈತಿಯ ತೈಲವು ತಿಳಿಯಾದ ಕಂಪಿಗೂ ಜಾವಾದ ತೈಲವು ಹೊಗೆಯ ಕಂಪಿಗೂ ಹೆಸರಾಗಿವೆ. ಹಿಂದೂಸ್ಥಾನದಲ್ಲಿ ಕನೌಜಿನವರು ತಾಮ್ರದ ಹಂಡೆಗಳಲ್ಲಿ ಇಳಿಸುವ ಖಸ್ ತೈಲವು ತಾಮ್ರದ ಸಂಪರ್ಕದಿಂದ ಹಸುರುಬಣ್ಣವನ್ನು ತಳೆಯುತ್ತದೆ. ದಕ್ಷಿಣದಲ್ಲಿ ತಮಿಳುನಾಡಿನ ಕಡಲೂರು ಕರಾವಳಿಯ ಮರಳು ಭೂಮಿಯಲ್ಲಿ ಇದರ ಸಾಗುವಳಿ ನಡೆಯುತ್ತಿದೆ.

ಆದರೆ ಲಾವಂಚಕ್ಕೆ ಕರ್ನಾಟಕದಲ್ಲಿ ಇನ್ನೊಂದು ಕೀರ್ತಿಯುಂಟು. ಮೈಸೂರು ಸೀಮೆಯ ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗಳಲ್ಲಿ ಲಾವಂಚದ ಸಾಲನ್ನು ಹಚ್ಚಿ ಮಣ್ಣನ್ನು ಹಿಡಿದು ನಿಲ್ಲಿಸುತ್ತಿದ್ದರು. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರಾದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಷಾ ಎಂಬವರು ಲಾವಂಚದ ಬೇಲಿಯ ಪದ್ಧತಿಯನ್ನು ಬೇರೆ ಬೇರೆ ದೇಶಗಳಿಗೆ ಹರಡುವ ಕೆಲಸವನ್ನು ಕೈಕೊಂಡಾಗ ಗುಂಡ್ಲುಪೇಟೆಯ ರೈತರ ಈ ಅನುಭವವು ದೊಡ್ಡ ಸಾಕ್ಷಿಯಾಯಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ೧೯೯೩ರಲ್ಲಿ ಈ ಹುಲ್ಲನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿತು. ಕನ್ನಡನಾಡಿನ ರೈತರ ಬದುವಿನ ವಿದ್ಯೆಯು ಹೀಗೆ ದೇಶಾಂತರಗಳಲ್ಲಿ ಮಾನ್ಯತೆ ಪಡೆಯಿತು.

ಬದುವಿಗೆ ಲಾವಂಚವನ್ನು ಹಚ್ಚುವ ಕ್ರಮವು ಕಷ್ಟದ್ದಲ್ಲ. ಹಳೆಯ ಬುಡವನ್ನು ಬೇರುಸಹಿತ ಕಿತ್ತು, ಎರಡು ಮೂರು ಕಡ್ಡಿಗಳಿರುವಂತೆ ಮರಿಗಳಾಗಿ ಸೀಳಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಮಳೆಗಾಲದ ಆರಂಭದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಗೆರೆಯ ಮೇಲೆ ೧೦ರಿಂದ ೧೫ ಸೆಂಟಿಮೀಟರು ಅಂತರದಲ್ಲಿ ಒಂದೇ ಸಾಲಾಗಿ ನೆಡಬೇಕು. ನಡುವೆ ಸತ್ತ ಮರಿಗಳ ಜಾಗದಲ್ಲಿ ಬೇರೆ ಮರಿಗಳನ್ನು ತುಂಬಬೇಕು. ಸಾಲಿನಲ್ಲಿ ಕಂಡಿ ಬಿದ್ದರೆ ನೀರೆಲ್ಲ ಅಲ್ಲಿಯೇ ನುಗ್ಗಿ ಕೊರಕಲಾಗುವುದು. ಎಳೆಯ ಎಲೆಯನ್ನು ದನಗಳು ಮೇಯುವುದರಿಂದ ಮೊದಲ ವರ್ಷ ಕಾವಲು ಬೇಕು. ಬಲಿತ ಎಲೆಯನ್ನು ಅವು ಅಷ್ಟಾಗಿ ಬಯಸುವುದಿಲ್ಲ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸಾಲು ಗೋಡೆಯಂತೆ ಕೂಡಿಕೊಳ್ಳುವುದು. ಹರಿದುಬಂದ ನೀರು ಅದರ ಮೂಲಕ ನಿಧಾನವಾಗಿ ಸೋಸಿ ಹೋಗುತ್ತದೆ. ಮಣ್ಣು ಹಿಂದೆಯೇ ನಿಂತು ಕ್ರಮೇಣ ಹೊಲವು ತಾನಾಗಿಯೇ ಮಟ್ಟವಾಗುತ್ತದೆ. ಬೇರುಗಳು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಕ್ಕೆ ಇಳಿದು, ಮೂರು ಮೀಟರಿನ ಆಳಕ್ಕೂ ಹೋಗುವುದರಿಂದ ಬೆಳೆಗೆ ಆಗುವ ಪೈಪೋಟಿಯೂ ಕಡಮೆ. ದಕ್ಷಿಣದೇಶದ ಲಾವಂಚವು ಬೀಜದಿಂದ ಹರಡುವ ಸ್ವಭಾವದ್ದಲ್ಲವಾದ್ದರಿಂದ ಹೊಲದಲ್ಲಿ ಕಳೆಯಾಗುವ ಭಯವೂ ಇಲ್ಲ.

ಬದುವಿನ ಲಾವಂಚ ಬೇರೆ, ಬೇರಿನ ಲಾವಂಚ ಬೇರೆ

ಮಣ್ಣನ್ನು ಹಿಡಿಯುವುದೂ ಬೇರೇ, ಪರಿಮಳವಿರುವುದೂ ಬೇರಿನಲ್ಲಿಯೇ. ತೈಲಕ್ಕಾಗಿ ಬೇರನ್ನು ತೆಗೆಯಬೇಕಾದರೆ ಗಿಡವನ್ನು ಬುಡಸಹಿತ ಕಿತ್ತು, ಕೆಳಗಿನ ಮಣ್ಣನ್ನು ಆಳವಾಗಿ ಅಗೆಯಬೇಕು. ಬದುವಿನ ಸಾಲನ್ನು ಹಾಗೆ ಅಗೆದರೆ ಬದುವೂ ಹೋಯಿತು, ಅದು ವರ್ಷಗಟ್ಟಲೆ ಕೂಡಿಟ್ಟ ಮಣ್ಣೂ ಮುಂದಿನ ಮಳೆಗೆ ಹೋಯಿತು. ಜಾವಾದ ಗಾರೂತ್ ಪ್ರಾಂತದಲ್ಲಿ ಗುಡ್ಡದ ಇಳಿಜಾರುಗಳಲ್ಲಿಯೂ ತೈಲಕ್ಕಾಗಿ ಲಾವಂಚವನ್ನು ಬೆಳೆದು ಬೇರು ಅಗೆದುದರಿಂದ ಮಣ್ಣಿನ ಸವಕಳಿ ಹೆಚ್ಚಿತು. ಮಣ್ಣು ಉಳಿಸುವ ಸಸ್ಯವೇ ಮಣ್ಣು ಕಳೆಯುವುದಕ್ಕೆ ಕಾರಣವಾದ ಈ ಉದಾಹರಣೆಯನ್ನು ಮರೆಯತಕ್ಕದ್ದಲ್ಲ.

ಈ ನಷ್ಟದ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಒಂದು ಎಕರೆಯೆಂದರೆ ೪,೦೪೭ ಚದರ ಮೀಟರು. ಅದರ ಮೇಲಿನಿಂದ ಒಂದೇ ಒಂದು ಮಿಲಿಮೀಟರಿನಷ್ಟು ಮಣ್ಣು ಕೊಚ್ಚಿಹೋದರೆ ಹೋದದ್ದು ನಾಲ್ಕು ಘನ ಮೀಟರು, ಅಂದರೆ ತೂಕದಲ್ಲಿ ಸುಮಾರು ಐದು ಟನ್ನು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾದರೂ ಐದು ಟನ್ನು ಮೇಲ್ಮಣ್ಣನ್ನು ಹೊರಗಿನಿಂದ ಹೊಡೆಯಿಸಿ ಹಾಕುವುದಕ್ಕೆ ಎಷ್ಟು ಗಾಡಿಗಳು ಬೇಕೆಂಬುದನ್ನು ರೈತರು ಬಲ್ಲರು. ಬದುವಿನ ಬೇರಿನಿಂದ ಬರುವ ಒಂದು ಸಲದ ಹಣವು ಈ ಮಣ್ಣಿಗೆ ಸಮವಲ್ಲ. ಆದುದರಿಂದ ಬದು, ಒಡ್ಡು, ಹಳ್ಳದ ದಂಡೆ, ಕೆರೆಯ ಏರಿ ಇವುಗಳ ಮೇಲಿನ ಲಾವಂಚವನ್ನು ಎಂದಿಗೂ ಅಗೆಯಕೂಡದು. ಚಿಕ್ಕ ಹಗರಿ ಮತ್ತು ಅದಕ್ಕೆ ಕೂಡುವ ಹಳ್ಳಗಳ ದಂಡೆಗಳಲ್ಲಿ ತಾನಾಗಿ ಬೆಳೆದಿರುವ ಬುಡಗಳಿದ್ದರೆ ಅವುಗಳಿಗೂ ಈ ನಿಯಮವು ಸಲ್ಲತಕ್ಕದ್ದು.

ತೈಲಕ್ಕಾಗಿಯೇ ಬೆಳೆಯಬೇಕೆನ್ನುವವರು ಅದಕ್ಕೆ ಪ್ರತ್ಯೇಕವಾದ ಮಟ್ಟಸ ಭೂಮಿಯನ್ನು ಆರಿಸಬೇಕು. ಮರಳು ಬೆರೆತ ಹಗುರವಾದ ಮಣ್ಣು ಇದಕ್ಕೆ ಯೋಗ್ಯ. ಎರೆ ಭೂಮಿಯಲ್ಲಿ ಗಿಡವು ಬೆಳೆಯುವುದಾದರೂ ಅಗೆಯುವಾಗ ಬೇರು ತುಂಡಾಗಿ ಮಣ್ಣಿನಲ್ಲಿಯೇ ಉಳಿದು, ಕೂಲಿಯ ವೆಚ್ಚವೇ ಹೆಚ್ಚಾಗುವುದು. ಲಾವಂಚವು ಬರವನ್ನು ತಡೆಯುವ ಹುಲ್ಲೇ ಸರಿ. ಆದರೆ ನೆಟ್ಟ ಮೊದಲ ತಿಂಗಳುಗಳಲ್ಲಿ ನೀರಿನ ಆಧಾರವಿಲ್ಲದಿದ್ದರೆ ಮರಿಗಳು ಹಿಡಿಯುವುದಿಲ್ಲ. ಹಡಗಲಿ, ಹರಪನಹಳ್ಳಿಗಳ ತುಂಗಭದ್ರೆಯ ಬಳಿಯ ಹಗುರ ಮಣ್ಣಿನಲ್ಲಿಯೂ, ಬಾವಿಯಿರುವ ಮಸಾರಿ ಹೊಲಗಳಲ್ಲಿಯೂ ಇದನ್ನು ಕಾಲೆಕರೆಯಷ್ಟರಲ್ಲಿ ಪರೀಕ್ಷಿಸಿ ನೋಡಬಹುದು. ಆದರೆ ನದಿಯ ದಂಡೆಯ ಇಳಿಜಾರನ್ನು ಬಿಟ್ಟು ಒಳಗಿನ ಮಟ್ಟಸ ನೆಲದಲ್ಲಿಯೇ ನೆಡಬೇಕು.

ಲಖನೌವಿನ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ಲಾವಂಚದ ಹಲವು ತಳಿಗಳನ್ನು ಹೊರತಂದಿದೆ. ಅವುಗಳಲ್ಲಿ ಧಾರಿಣಿಯೆಂಬುದು ಮಣ್ಣು ಹಿಡಿಯುವುದಕ್ಕೂ ಒದಗುವಂಥದು; ಗುಲಾಬಿ, ಕೇಸರಿ ಎಂಬುವು ತಮ್ಮ ತಮ್ಮ ಪರಿಮಳದ ಛಾಯೆಗಾಗಿ ಹೆಸರು ಪಡೆದವು. ಈ ಸಂಸ್ಥೆಯ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಮರಿಗಳನ್ನು ತರುವವರು ಹೆಸರು ಗೊತ್ತಿಲ್ಲದ ತಳಿಯನ್ನು ದಾರಿಹೋಕರಿಂದ ಕೊಳ್ಳುವುದಕ್ಕಿಂತ ಇಂಥ ಕಡೆ ವಿಚಾರಿಸಿ ತರುವುದು ಕ್ಷೇಮ.

ನೆಟ್ಟ ೧೨ರಿಂದ ೧೮ ತಿಂಗಳಿಗೆ, ಚಳಿಗಾಲದ ಒಣಹವೆಯಲ್ಲಿ ಬೇರು ಅಗೆಯುವುದು ರೂಢಿ. ಒಣಬೇರಿನ ತೂಕದಲ್ಲಿ ತೈಲವು ನೂರಕ್ಕೆ ಒಂದು ಪಾಲಿನ ಆಸುಪಾಸು ದೊರೆಯುವುದು. ಅನುಕೂಲವಾದ ಮಣ್ಣಿನಲ್ಲಿ ಎಕರೆಗೆ ಆರರಿಂದ ಹತ್ತು ಕಿಲೋ ತೈಲವಾಗಬಹುದು. ಅದು ಒಂದು ವರ್ಷಕ್ಕೂ ಮಿಕ್ಕಿದ ಕಾಲದ ಹುಟ್ಟುವಳಿಯೆಂಬುದನ್ನು ಲೆಕ್ಕ ಹಾಕುವಾಗ ನೆನಪಿಡಬೇಕು.

ಭಟ್ಟಿ ಇಳಿಸುವ ವಿಷಯ

ಬೇರನ್ನು ತೊಳೆದು ಮಣ್ಣು ಬಿಡಿಸಿ, ಒಂದೆರಡು ದಿನ ನೆರಳಿನಲ್ಲಿ ಆರಿಸಿ, ತುಂಡುಗಳಾಗಿ ಕತ್ತರಿಸಿ, ನೀರಿನಲ್ಲಿ ನೆನೆಯಿಸಿ ಹಂಡೆಗೆ ತುಂಬುತ್ತಾರೆ. ಹಬೆಯು ಬೇರಿನ ಮೂಲಕ ಹಾಯುವಾಗ ತೈಲವನ್ನು ತನ್ನೊಡನೆ ಹೊತ್ತು ತಣ್ಣೀರಿನಲ್ಲಿ ಅದ್ದಿದ ಕೊಳವೆಗೆ ಬಂದು ಮತ್ತೆ ದ್ರವವಾಗುತ್ತದೆ. ಲಾವಂಚದ ತೈಲದ ಅಂಶಗಳು ಭಾರವಾದುವಾದ್ದರಿಂದ ಬೇಗನೆ ಹೊರಬರುವುದಿಲ್ಲ. ಒಂದು ಹಗಲು ಒಂದು ರಾತ್ರಿ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ ಭಟ್ಟಿ ನಡೆಯಬೇಕು. ಅವಸರಪಟ್ಟು ಬೇಗ ಇಳಿಸಿದರೆ ಉತ್ತಮವಾದ ಅಂಶವು ಬೇರಿನಲ್ಲಿಯೇ ಉಳಿಯುವುದು. ಇದರ ಜೊತೆಗೆ ಈ ತೈಲದ ತೂಕವು ನೀರಿನ ತೂಕಕ್ಕೆ ಬಹಳ ಸಮೀಪ. ಶೇಂಗಾ ಎಣ್ಣೆಯಂತೆ ಇದು ಸರಾಗವಾಗಿ ಮೇಲೆ ತೇಲದೆ ನೀರಿನಲ್ಲಿ ಬೆರೆತಂತೆ ನಿಲ್ಲುವುದರಿಂದ ಬೇರ್ಪಡಿಸುವುದಕ್ಕೆ ಅನುಭವಸ್ಥರ ಕೈ ಬೇಕು.

ಹಂಡೆಯ ತಳದಲ್ಲಿ ನೀರು ಬತ್ತಿ ಬೇರು ಸೀದರೆ ತೈಲಕ್ಕೆ ಸುಟ್ಟ ನಾತವು ಹತ್ತುವುದು. ಹೊಗೆಯ ಕಂಪಿಗೆ ಬೆಲೆಯಿದೆಯೆಂದು ಕೇಳಿದವರು ಈ ಸೀದ ನಾತವೂ ಗುಣವೆಂದೇ ಭ್ರಮಿಸಬಾರದು. ಬೇರಿನ ಸಹಜವಾದ ಹೊಗೆಗಂಪು ಬೇರೆ, ಸೀದ ನಾತವು ಬೇರೆ. ಕೊಳ್ಳುವವರು ಎರಡನ್ನೂ ಚೆನ್ನಾಗಿ ಬಲ್ಲರು.

ಭಟ್ಟಿಯನ್ನು ಒಬ್ಬೊಬ್ಬ ರೈತನೂ ಕಟ್ಟುವುದರಲ್ಲಿ ಅರ್ಥವಿಲ್ಲ. ಹತ್ತೆಂಟು ಎಕರೆಯ ಬೇರು ಒಂದೆಡೆ ಕೂಡುವುದಾದರೆ ಮಾತ್ರ ಸಹಕಾರಿ ಪದ್ಧತಿಯಿಂದ ಒಂದು ಭಟ್ಟಿಯನ್ನು ನಡೆಸಬಹುದು. ಅಲ್ಲಿಯವರೆಗೆ ಒಣಬೇರನ್ನೇ ಮಾರುವುದು ಸುಲಭ. ಒಣಗಿಸಿದ ಬೇರು ಕೆಲವು ಕಾಲ ಕೆಡದೆ ನಿಲ್ಲುವುದರಿಂದ ಧಾರಣೆಯನ್ನು ನೋಡಿ ಮಾರುವ ಅವಕಾಶವೂ ಇದೆ.

ಧೂಪ, ರಾಳ ಮತ್ತು ಕೀಲು

ಹೊಗೆಯ ಪರಿಮಳವೆಂದರೆ ಈ ಸೀಮೆಯವರಿಗೆ ಧೂಪ, ಲೋಬಾನಗಳೂ ವೀರಭದ್ರನ ಗುಗ್ಗಳವೂ ನೆನಪಾಗದಿರವು. ಕನೌಜಿನವರು ರಾಳ, ಲೋಬಾನಗಳನ್ನು ಮಣ್ಣಿನ ಗಡಿಗೆಗಳಲ್ಲಿ ನೀರಿಲ್ಲದೆ ಕಾಯಿಸಿ, ಚೋಯಾ ಎಂಬ ಕಪ್ಪಾದ ಎಣ್ಣೆಯನ್ನು ಇಳಿಸುತ್ತಾರೆ. ಹೊಗೆ ತೊಗಲುಗಳ ವಾಸನೆಯು ಅದರಲ್ಲಿ ಅತಿ ಬಲವಾಗಿರುವುದು. ಆದರೆ ಇಂಥ ಒಣ ಭಟ್ಟಿಯಿಂದ ಹುಟ್ಟುವ ಕೀಲಿನಲ್ಲಿ ದೇಹಕ್ಕೆ ಕೆಡುಕು ಮಾಡುವ, ಅರ್ಬುದರೋಗಕ್ಕೆ ಕಾರಣವಾಗಬಲ್ಲ ಅಂಶಗಳೂ ಇರುತ್ತವೆ. ಭೂರ್ಜ, ಜುನಿಪರ್ ಮರಗಳ ಕೀಲನ್ನು ಶುದ್ಧಿಮಾಡದೆ ಅತ್ತರಿಗೆ ಬಳಸಕೂಡದೆಂದು ಸುಗಂಧ ತಯಾರಕರ ಅಂತಾರಾಷ್ಟ್ರೀಯ ಸಂಘವು ನಿಯಮ ಮಾಡಿರುವುದಕ್ಕೆ ಇದೇ ಕಾರಣ. ಆದುದರಿಂದ ಮನೆಯ ಹಿತ್ತಿಲಲ್ಲಿ ತೊಗಟೆ, ರಾಳಗಳನ್ನು ಸುಟ್ಟು ಕೀಲಿಳಿಸಿ ಮಾರುವ ಪ್ರಯತ್ನವು ಸಲ್ಲದು.

ಗುಗ್ಗುಳದ ಗಿಡವು ರಾಜಸ್ಥಾನ, ಗುಜರಾತುಗಳ ಒಣನೆಲದ್ದು. ಅಂಟಿಗಾಗಿ ಅತಿಯಾಗಿ ಗಾಯ ಮಾಡಿದುದರಿಂದ ಅದು ಇಂದು ನಿರ್ಮೂಲವಾಗುವ ಅಪಾಯದಲ್ಲಿದೆ. ಧೂಪದ ಮರಗಳಿಗೂ ಇದೇ ಗತಿಯು ಬರಬಹುದು. ಅಂಟು ಇಳಿಸುವ ಮರಕ್ಕೆ ಬಿಡುವು ಕೊಡದೆ ಸುತ್ತಲೂ ಕ ಚ್ಚು ಹಾಕಿದರೆ ಮರವು ಸಾಯುವುದು. ಅರಣ್ಯದ ಮರಗಳಿಂದ ಅಂಟನ್ನಾಗಲಿ ತೊಗಟೆಯನ್ನಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತೆಗೆಯತಕ್ಕದ್ದಲ್ಲ.

ಆಗರು ಮರದ ಸಸಿಗಳು

ತೊಗಲು ಮತ್ತು ಹೊಗೆಯ ಕಂಪುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಆಗರು. ಅದರ ಸಸಿಗಳನ್ನು ನೆಟ್ಟರೆ ಕೆಲವೇ ವರ್ಷಗಳಲ್ಲಿ ಐಶ್ವರ್ಯ ಬರುವುದೆಂಬ ಮಾತು ಹಳ್ಳಿಗಳವರೆಗೂ ಬರುವುದುಂಟು. ಆಗರು ಅಸ್ಸಾಮು ಮೊದಲಾದ ಅತಿಮಳೆಯ ತೇವಭೂಮಿಯ ಮರ. ಕರ್ನಾಟಕದಲ್ಲಿ ಇದನ್ನು ನೆಟ್ಟಿರುವುದೂ ಮಲೆನಾಡಿನ ತೋಟಗಳಲ್ಲಿಯೇ. ಆರೋಗ್ಯವಾದ ಆಗರು ಮರದ ಕಟ್ಟಿಗೆಗೆ ಪರಿಮಳವೇ ಇಲ್ಲ. ಗಾಯವಾಗಿ ಬೂಷ್ಟು ಹತ್ತಿದ ಭಾಗದಲ್ಲಿ ಮಾತ್ರ ಮರವು ಕಪ್ಪಾದ ರಾಳವನ್ನು ಕೂಡಿಸುತ್ತದೆ. ಅದು ಎಷ್ಟು ಕೂಡುವುದೆಂದು ಮೊದಲೇ ಹೇಳುವಂತಿಲ್ಲ. ಅದರ ಅಂತಾರಾಷ್ಟ್ರೀಯ ವ್ಯಾಪಾರವೂ ಅಳಿವಿನಂಚಿನ ಜೀವಜಾತಿಗಳ ಒಪ್ಪಂದದ ಕಟ್ಟುಪಾಡಿಗೆ ಒಳಪಟ್ಟಿದೆ. ೬೦೦ ಮಿಲಿಮೀಟರು ಮಳೆಯ ಉಜ್ಜಿನಿ ಸೀಮೆಯ ಬೆದ್ದಲಿಗೆ ಅದು ಸರ್ವಥಾ ಹೊಂದತಕ್ಕದ್ದಲ್ಲ.

ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕೆಲಸ

ಇಂಥ ವಿಷಯಗಳಲ್ಲಿ ಊರಿನ ಹಿರಿಯರ ಮಾತಿಗೆ ತೂಕವಿರುವುದರಿಂದ ಅವರು ಮೂರು ಕಾರ್ಯಗಳನ್ನು ಕೈಕೊಂಡರೆ ಸಾಕು. ಮೊದಲನೆಯದಾಗಿ, ಊರಿನ ಬದು, ಹಳ್ಳ, ಕೆರೆಯೇರಿಗಳ ಲಾವಂಚವನ್ನು ಯಾರೂ ಅಗೆಯದಂತೆ ಗ್ರಾಮಸಭೆಯಲ್ಲಿ ಗೊತ್ತುಮಾಡಬೇಕು. ಬೇರು ಕೊಳ್ಳುವ ವ್ಯಾಪಾರಿಯು ಬಂದಾಗ ಮೊದಲು ಕೈಯಿಕ್ಕುವುದು ಯಾರದೂ ಅಲ್ಲವೆಂದು ತೋರುವ ಈ ಜಾಗಗಳಿಗೇ. ಎರಡನೆಯದಾಗಿ, ಜೇಕು ಹೆಚ್ಚಿರುವ ಹೊಲಗಳವರು ಬೇಸಿಗೆಯಲ್ಲಿ ಒಟ್ಟಾಗಿ ಆಳದ ಉಳುಮೆ ಮಾಡಿ ಗಡ್ಡೆಯನ್ನು ಒಂದೆಡೆ ಕೂಡಿಸಿ ಮಾರುವಂತೆ ಏರ್ಪಡಿಸಬೇಕು. ಚೂರುಪಾರು ಮಾಲಿಗೆ ಧಾರಣೆ ಬರುವುದಿಲ್ಲ, ಒಬ್ಬನೇ ತೆಗೆದರೆ ನೆರೆಯ ಹೊಲದ ಜೇಕು ಮತ್ತೆ ಬರುವುದು. ಮೂರನೆಯದಾಗಿ, ಸಸಿ ಮಾರುವವರು ಬಂದಾಗ, ಬೆಳೆದದ್ದನ್ನು ಕೊಳ್ಳುವವರಾರು, ಯಾವ ಧಾರಣೆಗೆ, ಈ ಮಳೆಯಲ್ಲಿ ಅದನ್ನು ಬೆಳೆದು ತೋರಿಸಿದವರಾರು ಎಂಬ ಮೂರು ಪ್ರಶ್ನೆಗಳಿಗೆ ಬರೆವಣಿಗೆಯಲ್ಲಿ ಉತ್ತರ ಕೇಳಬೇಕು.

ಪರಿಮಳದ ಪೇಟೆಯ ಧಾರಣೆ ಏರುವುದೂ ಇಳಿಯುವುದೂ ಉಂಟು. ಬದುವಿನ ಹಿಂದೆ ನಿಂತ ಮಣ್ಣಾದರೋ ಪ್ರತಿವರ್ಷವೂ ಜೋಳವನ್ನೂ ಶೇಂಗಾವನ್ನೂ ಕೊಡತಕ್ಕದ್ದು. ಆದಕಾರಣ ಬರುವ ಮುಂಗಾರಿಗೆ ಮುಂಚೆ ಬದುವಿಗೆ ಬೇಕಾದ ಲಾವಂಚದ ಮರಿಗಳನ್ನು ಗೊತ್ತುಮಾಡಿಕೊಂಡು, ಮೊದಲು ಬದುವಿನ ಸಾಲನ್ನು ಮುಗಿಸಿ, ಮಿಕ್ಕ ಮರಿಗಳನ್ನು ಮಾತ್ರ ಕಾಲೆಕರೆಯ ಮಡಿಗೆ ಹಚ್ಚುವುದು ಭೂಮಾಲೀಕರಿಗೆ ಶ್ರೇಯಸ್ಕರವಾಗಿರುವುದು.